ನಿಲ್

ನಾಳೆ ಹತ್ತು ಗಂಟೆಗೆ ತಪಾಸಣೆ.
ಗುತ್ತಲು ರಸ್ತೆಯ ನಮ್ಮ ಇಪ್ಪತ್ತು ಹಾಸಿಗೆಯ ಆಸ್ಪತ್ರೆಯಲ್ಲಿ
ಈ ರಾತ್ರಿ ಪುಸ್ತಕಗಳಿಗೇ ಜ್ವರ.

ಡಾಕ್ಟರು ಸ್ಕೂಟರ್ ಹತ್ತುವಾಗ ಹೇಳಿಹೋದರು:
"ತಾರಾವತಿ, ಒಂದು ಚೌಕವೂ ಖಾಲಿ ಇರಬಾರದು."
ಎರಡು ನೀಲಿ ಪೆನ್ನು, ಒಂದು ಕಪ್ಪು,
ಬೇರೆಯವರ ಕೈಬರಹ ಬೇಕಾದಾಗ ವಾಲಿಸಿ ಬರೆಯಲು ಇನ್ನೊಂದು
ಇಟ್ಟುಕೊಂಡು ಕೂತಿದ್ದೇನೆ.

ನೋಂದಣಿ ಪತ್ರ ಚೌಕಟ್ಟಿನೊಳಗೆ ಗೋಡೆ ಏರಿತು.
ದರಪಟ್ಟಿ ಕ್ಯಾಲೆಂಡರಿನ ಹಿಂದಿನಿಂದ ಮುಂದೆ ಬಂತು.
ಬೆಂಕಿ ಆರಿಸುವ ಸಿಲಿಂಡರಿನ ಧೂಳು ಒರೆಸಿದೆ,
ಅವಧಿ ಮುಗಿದ ತಾರೀಖು ಕಂಡಿತು.
ಧೂಳೇ ವಾಸಿಯಿತ್ತು.

ಹಳದಿ ಚೀಲಕ್ಕೆ ರಕ್ತದ ಹತ್ತಿ,
ಕೆಂಪಿಗೆ ಪ್ಲಾಸ್ಟಿಕ್ಕಿನ ನಳಿಗೆ,
ಬಿಳಿ ಡಬ್ಬಕ್ಕೆ ಸೂಜಿ:
ಗೋಡೆಯ ಚಿತ್ರದಲ್ಲಿ ಎಲ್ಲಕ್ಕೂ ಅದರದರ ಮನೆಯಿದೆ.
ಬಿಳಿ ಡಬ್ಬ ಬಂದದ್ದು ಇವತ್ತು ಸಂಜೆ.
ಬೆಲೆಚೀಟಿ ಇನ್ನೂ ಕಿತ್ತಿಲ್ಲ.

ಕೊನೆಗೆ ಉಳಿದದ್ದು ಸೂಜಿಗಾಯದ ಪುಸ್ತಕ.
ತೆಳ್ಳಗೆ, ಕೈ ಬಿದ್ದ ಗುರುತೂ ಇಲ್ಲದೆ.
ಜನವರಿ: ನಿಲ್. ಫೆಬ್ರವರಿ: ನಿಲ್.
ಮಾರ್ಚಿನಿಂದ ಜುಲೈವರೆಗೆ ಒಂದೇ ಉಸಿರಿಗೆ
ನಿಲ್ ನಿಲ್ ನಿಲ್ ನಿಲ್ ನಿಲ್.

ಆಗಸ್ಟಿಗೆ ಬಂದಾಗ ಪೆನ್ನು ನಿಂತಿತು.

ಕಾರ್ಖಾನೆ ಕಬ್ಬು ಅರೆಯಲು ಶುರುಮಾಡಿದ ವಾರ,
ಊರೆಲ್ಲ ಸುಟ್ಟ ಬೆಲ್ಲದ ವಾಸನೆ.
ಕಪ್ಪು ಚೀಲವನ್ನು ಮೊಣಕಾಲಿಗೆ ಒತ್ತಿ
ಕೆಂಪಾಜಮ್ಮ ಗಂಟು ಹಾಕುತ್ತಿದ್ದಳು,
ಒಳಗಿನಿಂದ ಒಂದು ಸೂಜಿ
ಅವಳ ಹೆಬ್ಬೆರಳ ಬುಡಕ್ಕೆ.
ಗಂಟು ಪೂರ್ತಿ ಬಿಗಿದ ಮೇಲೆ ಹೇಳಿದಳು,
"ಸೂಜಿ ಚುಚ್ತು ಕನವ್ವ."

ನಲ್ಲಿ ಬಿಟ್ಟೆ, ಸೋಪು ಕೊಟ್ಟೆ.
ಯಾರ ಮೈಯ ಸೂಜಿ ಅಂತ ಯಾರಿಗೂ ಗೊತ್ತಿರಲಿಲ್ಲ.
ಮೂರು ದಿನದೊಳಗೆ ಶುರುಮಾಡುವ ಮಾತ್ರೆ
ದೊಡ್ಡಾಸ್ಪತ್ರೆಯಲ್ಲಿದೆ, ಆಟೋಗೆ ನಲವತ್ತು ರೂಪಾಯಿ ದೂರ.
ಅಲ್ಲಿಗೆ ನಮ್ಮ ಚೀಟಿ ಬೇಕು ಅಂದರು ಡಾಕ್ಟರು,
ಚೀಟಿಗೆ ಪುಸ್ತಕದಲ್ಲಿ ಸಾಲು ಬೇಕು,
ಸಾಲಿಗೆ ಅವಳು ನಮ್ಮ ಕೆಲಸದವಳಾಗಿರಬೇಕು.

ನೌಕರರ ಪಟ್ಟಿಯಲ್ಲಿ ಒಂಬತ್ತು ಹೆಸರು.
ಹತ್ತಾದರೆ ಇಎಸ್‌ಐ ಕಟ್ಟಬೇಕು,
ಅದಕ್ಕೇ ಒಂಬತ್ತು.
ಐದು ವರ್ಷದಿಂದ ಅವಳ ಸಂಬಳ ಇತರೆ ಖರ್ಚು:
ಫಿನಾಯಿಲು, ಪೊರಕೆ, ಕೆಂಪಾಜಮ್ಮ, ಬಲ್ಬು.

"ಯಾಕ್ ಬುಡವ್ವ," ಅಂದಳು ಅವಳೇ,
"ಮನೇಲಿ ರವ್ಕೆ ಹೊಲಿವಾಗ್ಲೂ ಚುಚ್ತದೆ."
ನಾನು ಬಿಟ್ಟೆ.
ಬಿಟ್ಟವಳು ಅಂದಿನಿಂದ ದಿನ ಎಣಿಸುತ್ತಿದ್ದೇನೆ.
ಆರು ವಾರ. ಮೂರು ತಿಂಗಳು.
ಅವಳು ಕೆಮ್ಮಿದರೆ ಕತ್ತು ತಾನಾಗಿ ತಿರುಗುತ್ತದೆ.
ಮಗಳ ಸೀಮಂತದ ಲಾಡು ತಂದುಕೊಟ್ಟಾಗ
ಆ ಹೆಬ್ಬೆರಳನ್ನೇ ನೋಡಿದೆ, ಲಾಡು ನೋಡಲಿಲ್ಲ.

ಎರಡು ಗಂಟೆ ರಾತ್ರಿ. ಐದನೇ ವಾರ್ಡಿನಲ್ಲಿ ಡ್ರಿಪ್ಪು ಬದಲಿಸಿ ಬಂದೆ.
ಪುಟ ಅಲ್ಲೇ ತೆರೆದಿತ್ತು.
ಇಂಗ್ಲಿಷಿನವರ ಈ ಸೊನ್ನೆಯನ್ನು
ಎಷ್ಟು ತಿಂಗಳು ನಮ್ಮ ಅಕ್ಷರದಲ್ಲಿ ಬರೆದಿದ್ದೇನೆ;
ನಮ್ಮ ಮಾತಿನಲ್ಲಿ ಅದು ಏನು ಹೇಳುತ್ತಿದೆ ಎಂದು
ಒಮ್ಮೆಯೂ ಕೇಳಿಸಿಕೊಳ್ಳಲಿಲ್ಲ.
ನಿಲ್.

ವಾಲಿಸದೆ, ನನ್ನ ಕೈಯಲ್ಲೇ ಬರೆದೆ:
ಹೆಸರು ಕೆಂಪಾಜಮ್ಮ. ಹುದ್ದೆ ಆಯಾ.
ಗಾಯವಾದದ್ದು ಆಗಸ್ಟ್ ಹತ್ತೊಂಬತ್ತು.
ದಾಖಲಿಸಿದ್ದು ನವೆಂಬರ್ ಇಪ್ಪತ್ತೆರಡು.
ತಡಕ್ಕೆ ಕಾರಣ: ಆ ಚೌಕ ಎರಡು ಬೆರಳಗಲ.
"ನಾನು" ಎಂದು ಬರೆದೆ.
ಡಾಕ್ಟರೂ ಹಿಡಿಸುವಷ್ಟು ಜಾಗವಿರಲಿಲ್ಲ.

ಬೆಳಿಗ್ಗೆ ಅವರು ಪುಟ ಹರಿಯಬಹುದು,
ನನ್ನ ಲೆಕ್ಕ ಚುಕ್ತಾ ಮಾಡಬಹುದು,
ಬಂದವರು ಕಾಫಿ ಕುಡಿದು ಕೊನೆಯ ಪುಟಕ್ಕೆ ಸಹಿ ಹಾಕಿ ಹೋಗಬಹುದು.
ರಕ್ತಪರೀಕ್ಷೆಗೆ ನಾನೇ ಕರೆದೊಯ್ಯುತ್ತೇನೆ,
ಅವಳು ಬರುತ್ತಾಳೋ ಗೊತ್ತಿಲ್ಲ.

ಆರಕ್ಕೆ ಬಕೆಟ್ಟಿನ ಸದ್ದು.
"ಇನ್ನೂ ಬರೀತಾನೆ ಇದ್ದೀಯಾ? ಕಾಲೆತ್ಕಳವ್ವ ವಸಿ."
ಪುಸ್ತಕ ತೊಡೆಯ ಮೇಲಿಟ್ಟು ಕಾಲೆತ್ತಿದೆ.
ಅವಳ ನೆಲವೂ ನನ್ನ ಸಾಲೂ
ಇನ್ನೂ ಆರಿರಲಿಲ್ಲ.